ಮೊಟ್ಟೆ ಇಡೋ ಕಾಲದಲ್ಲೇ ಟರ್ಕಿ ಶಿಕಾರಿ ಯಾಕೆ?

ಏಪ್ರಿಲ್ ಬಂತೆಂದರೆ ನನಗೆ ಒಂದೇ ಪ್ರಶ್ನೆ, ಬೇರೆ ಬೇರೆ ಬಾಯಿಂದ. ಊರಿನಿಂದ ಚಿಕ್ಕಮ್ಮ ಫೋನಿನಲ್ಲಿ ಕೇಳುತ್ತಾರೆ: “ಅಲ್ಲ ಕಣೋ, ಹಕ್ಕಿ ಮೊಟ್ಟೆ ಇಡೋ ಕಾಲದಲ್ಲಿ ಯಾರಾದ್ರೂ ಹೊಡೀತಾರೇನೋ? ಪಾಪ ಬರಲ್ವಾ?” ಇಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್‌ನ ಕನ್ನಡದ ಗೆಳೆಯರು ಅದನ್ನೇ ಸ್ವಲ್ಪ ನಾಜೂಕಾಗಿ ಕೇಳುತ್ತಾರೆ. ಟರ್ಕಿ ಕೋಳಿ ತಿನ್ನುವ ಹಬ್ಬ ಥ್ಯಾಂಕ್ಸ್‌ಗಿವಿಂಗ್ ಇರುವುದು ನವೆಂಬರ್‌ನಲ್ಲಿ, ನೀನು ಏಪ್ರಿಲ್‌ನಲ್ಲಿ ಕಾಡಿಗೆ ಯಾಕೆ ಹೋಗ್ತೀಯ? ಹಕ್ಕಿಗಳು ಜೊತೆಯಾಗುವ ಹೊತ್ತನ್ನೇ ನೋಡಿಕೊಂಡು ಹೊಡೆಯುವುದು ಯಾವ ನ್ಯಾಯ?

ಕೇಳಬೇಕಾದ ಪ್ರಶ್ನೆಯೇ. ಚಿಕ್ಕದಾಗಿ ಹೇಳುವುದಾದರೆ, ವಸಂತದಲ್ಲಿ ಹೊಡೆಯುವುದು ಗಂಡನ್ನು. ಗಂಡನ್ನು ಮಾತ್ರ ಆರಿಸಿ ಹೊಡೆಯುವುದು ಸುಲಭವಾಗುವುದೂ ವಸಂತದಲ್ಲೇ. ಆದರೆ ಶಿಕಾರಿ ಶುರುವಾಗುವ ದಿನಾಂಕ ತಪ್ಪಿದರೆ ಈ ಉತ್ತರ ನಿಲ್ಲುವುದಿಲ್ಲ. ಅಲ್ಲಿಗೆ ಆಮೇಲೆ ಬರುತ್ತೇನೆ.

ಊರಲ್ಲಿ ಕೋಳಿ ಸಾಕಿದವರಿಗೆ ಗೊತ್ತು, ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಕಾಡು ಟರ್ಕಿಯದೂ ಹೆಚ್ಚು ಕಡಿಮೆ ಅದೇ ಲೆಕ್ಕ. ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಗೂಡು ನೋಡುವುದಿಲ್ಲ, ಕಾವು ಕೂರುವುದಿಲ್ಲ, ಮರಿಗಳ ಗೊಡವೆಗೂ ಹೋಗುವುದಿಲ್ಲ. ಹೆಣ್ಣು ನೆಲದ ಮೇಲೆ, ಪೊದೆಯ ಬುಡದಲ್ಲೋ ಬಿದ್ದ ಮರದ ಪಕ್ಕದಲ್ಲೋ, ಸುಮಾರು ಎರಡು ವಾರದಲ್ಲಿ ಹತ್ತು ಹನ್ನೆರಡು ಮೊಟ್ಟೆ ಇಡುತ್ತದೆ. ಆಮೇಲೆ 28 ದಿನ ಕಾವು. ಒಮ್ಮೆ ಕೂಡಿದರೆ ಸಾಕು, ಆ ಬೀಜವನ್ನು ಒಳಗೆ ಕಾಪಾಡಿಕೊಂಡು ವಾರಗಟ್ಟಲೆ ಮರಿಯಾಗುವ ಮೊಟ್ಟೆ ಇಡಬಲ್ಲದು. ಹಾಗಾಗಿ ಹೆಣ್ಣು ಕಾವಿಗೆ ಕೂತ ಮೇಲೆ ಒಂದು ಗಂಡು ಸತ್ತರೆ ಆ ವರ್ಷದ ಮರಿಗಳ ಲೆಕ್ಕ ಅಷ್ಟಾಗಿ ತಪ್ಪುವುದಿಲ್ಲ.

ಇದನ್ನು ಶರತ್ಕಾಲದ ಶಿಕಾರಿಯ ಪಕ್ಕ ಇಟ್ಟು ನೋಡಿ. ಮಿಸೌರಿಯಲ್ಲಿ ಅಕ್ಟೋಬರ್‌ನಲ್ಲೂ ಟರ್ಕಿ ಹೊಡೆಯಬಹುದು. ಆಗ ಗಂಡು ಹೆಣ್ಣು ಎರಡಕ್ಕೂ ಅನುಮತಿ ಇದೆ. ಎಲ್ಲರಿಗೂ ಇದೇ ಸಹಜ ಅನ್ನಿಸುತ್ತದೆ, ಮೊಟ್ಟೆ ಇಲ್ಲ, ಮರಿ ಇಲ್ಲ, ಪಾಪವೂ ಇಲ್ಲ ಅಂತ. ಆದರೆ ಅಕ್ಟೋಬರ್‌ನಲ್ಲಿ ಒಂದು ಹೆಣ್ಣು ಸತ್ತರೆ ಮುಂದಿನ ವಸಂತದಲ್ಲಿ ಒಂದು ಗೂಡೇ ಇಲ್ಲ. ಅದಕ್ಕೇ ನಾನು ಅಕ್ಟೋಬರ್‌ನಲ್ಲಿ ಹೋಗುವುದಿಲ್ಲ. ಚಿಕ್ಕಮ್ಮನಿಗೆ ಇದನ್ನು ಹೇಳಿದರೆ “ನಿನ್ನ ವಕೀಲಿಕೆ ಬೇಡ” ಅನ್ನುತ್ತಾರೆ.

ಇನ್ನು ಗಂಡನ್ನೇ ಆರಿಸುವುದು ಹೇಗೆ? ವಸಂತದಲ್ಲಿ ಅದು ತಾನೇ ಬಾಯಿಬಿಟ್ಟು ಹೇಳುತ್ತದೆ. ಓಝಾರ್ಕ್ ಬೆಟ್ಟಗಳಲ್ಲಿ ಡಾಗ್‌ವುಡ್ ಮರ ಬಿಳಿ ಹೂ ಬಿಡುವ ಹೊತ್ತಿಗೆ, ಬೆಳಕು ಹರಿಯುವ ಮುಂಚೆ, ರಾತ್ರಿ ಕೂತಿದ್ದ ಮರದ ಮೇಲಿಂದಲೇ ಗಂಡು ಟರ್ಕಿ ಕೂಗಲು ಶುರು ಮಾಡುತ್ತದೆ. ಗಳಗಳ ಗಳಗಳ ಅಂತ ಕಣಿವೆಯೆಲ್ಲ ತುಂಬುವ ಕೂಗು. ಗೂಬೆ ಕೂಗಿದರೂ, ಗುಡುಗು ಗುಡುಗಿದರೂ, ಯಾರೋ ಕಾರಿನ ಬಾಗಿಲು ಧಡ್ ಅಂತ ಹಾಕಿದರೂ ಉತ್ತರ ಕೊಟ್ಟೇ ಕೊಡುತ್ತದೆ. ಶಿಕಾರಿಯವರು ಇದನ್ನೇ ಬಳಸಿಕೊಂಡು, ಕತ್ತಲಲ್ಲಿ ಗೂಬೆಯ ಹಾಗೆ ಕೂಗಿ, ಹಕ್ಕಿ ಎಲ್ಲಿದೆ ಅಂತ ತಿಳಿದುಕೊಳ್ಳುತ್ತಾರೆ.

ತಿಳಿದ ಮೇಲೆ ಅದರ ಕಡೆ ಹೋಗುವಂತಿಲ್ಲ. ನೂರೈವತ್ತು ಇನ್ನೂರು ಗಜ ದೂರದಲ್ಲಿ, ನಿಮ್ಮ ಹೆಗಲಿಗಿಂತ ಅಗಲವಾದ ಮರಕ್ಕೆ ಬೆನ್ನು ಕೊಟ್ಟು ಕೂರಬೇಕು. ಹಿಂದಿನಿಂದ ಇನ್ನೊಬ್ಬ ಶಿಕಾರಿಯವನ ಚರೆ ಬಂದರೆ ಮರ ತಡೆಯಲಿ ಅಂತ. ಮೈ, ಮುಖ, ಕೈ ಎಲ್ಲ ಎಲೆಬಣ್ಣದ ಬಟ್ಟೆಯಲ್ಲಿ ಮುಚ್ಚಿರಬೇಕು. ಟರ್ಕಿಗೆ ವಾಸನೆ ಅಷ್ಟಾಗಿ ಗೊತ್ತಾಗುವುದಿಲ್ಲ. ಆದರೆ ಕಣ್ಣು ಮಾತ್ರ ಭಯಂಕರ. ತಲೆ ತಿರುಗಿಸದೆಯೇ ಸುತ್ತಮುತ್ತ ಬಹುಪಾಲು ಕಾಣುತ್ತದೆ, ಬಣ್ಣವೂ ತಿಳಿಯುತ್ತದೆ. ಮೂಗು ಕೆರೆದುಕೊಂಡರೆ ಆವತ್ತಿನ ಶಿಕಾರಿ ಮುಗಿಯಿತು. ಕೆಂಪು, ಬಿಳಿ, ನೀಲಿ ಬಣ್ಣದ ಒಂದು ಕರವಸ್ತ್ರವೂ ಜೇಬಿನಿಂದ ಇಣುಕಬಾರದು. ಗಂಡು ಟರ್ಕಿಯ ತಲೆ ಇರುವುದು ಅದೇ ಮೂರು ಬಣ್ಣದಲ್ಲಿ. ಬೇರೆಯವರು ನಿಮ್ಮನ್ನೇ ಹಕ್ಕಿ ಅಂದುಕೊಂಡಾರು.

ಹೀಗೆ ಕೂತು ಹೆಣ್ಣಿನ ದನಿ ಮಾಡಬೇಕು. ಕೆಲವರು ಮರದ ಪುಟ್ಟ ಪೆಟ್ಟಿಗೆಯ ಮುಚ್ಚಳ ಉಜ್ಜುತ್ತಾರೆ. ಕೆಲವರು ಸ್ಲೇಟಿನ ಮೇಲೆ ಕಡ್ಡಿ ಉಜ್ಜುತ್ತಾರೆ. ಪಳಗಿದವರು ಅಂಗಳಕ್ಕೆ ತೆಳು ರಬ್ಬರಿನ ಪಟ್ಟಿ ಒತ್ತಿಕೊಂಡು ಬಾಯಲ್ಲೇ ಕೂಗುತ್ತಾರೆ. ರೆಕಾರ್ಡ್ ಮಾಡಿದ ದನಿ ಹಾಕುವಂತಿಲ್ಲ, ಕಾಳು ಚೆಲ್ಲಿ ಕರೆಯುವಂತಿಲ್ಲ. ಎರಡೂ ಕಾನೂನಿಗೆ ವಿರುದ್ಧ.

ಕಷ್ಟ ಇರುವುದು ಇಲ್ಲೇ. ಟರ್ಕಿಗಳ ಲೋಕದಲ್ಲಿ ಗಂಡು ಕೂಗುತ್ತದೆ, ಹೆಣ್ಣು ಹುಡುಕಿಕೊಂಡು ಬರುತ್ತದೆ. ನಾವು ಕೇಳುತ್ತಿರುವುದು ಅದರ ತಿರುವುಮುರುವು. ಹಾಗಾಗಿ ಎಷ್ಟೋ ಗಂಡುಗಳು ಅರವತ್ತು ಎಪ್ಪತ್ತು ಗಜದ ಹತ್ತಿರ ಬಂದು ನಿಂತುಬಿಡುತ್ತವೆ. ಬಾಲದ ಗರಿ ಬಿಚ್ಚಿ, ರೆಕ್ಕೆ ನೆಲಕ್ಕೆ ಉಜ್ಜುತ್ತಾ, ಎದೆಯೊಳಗಿಂದ ಗುಂಯ್ ಅನ್ನುವ ಸದ್ದು ಮಾಡುತ್ತಾ ಅತ್ತಿಂದಿತ್ತ ನಡೆಯುತ್ತವೆ. ನೀನೇ ಬಾ ಅಂತ ಅರ್ಥ. ಹೆಣ್ಣು ಬರಲಿಲ್ಲ ಅಂದರೆ ಬೇಜಾರಾಗಿ ಹೊರಟೂ ಹೋಗುತ್ತವೆ. ಕೋವಿಯ ಚರೆ ನಂಬಿಕೆಯಿಂದ ಕೆಲಸ ಮಾಡುವುದು ಸುಮಾರು 40 ಗಜದೊಳಗೆ. ತಲೆ ಕತ್ತಿಗೆ ಬೀಳಬೇಕು, ಒಂದೇ ಸಲಕ್ಕೆ ಸಾಯಬೇಕು. ದೂರದಿಂದ ಸುಮ್ನೆ ಒಂದು ನೋಡೋಣ ಅಂತ ಹೊಡೆದು ಗಾಯ ಮಾಡಿ ಕಳಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಹತ್ತಿರ ಬಂದಾಗ ಎದೆಯಿಂದ ಇಳಿಬಿದ್ದ ಗಡ್ಡ, ಅಂದರೆ ಕೂದಲಿನಂಥ ಗರಿಗಳ ಗೊಂಚಲು, ಕಾಣಬೇಕು. ಕಾನೂನು ಹೇಳುವುದು ಗಂಡು, ಇಲ್ಲವೇ ಗಡ್ಡ ಕಾಣುವ ಹಕ್ಕಿ ಅಂತ. ಯಾಕೆಂದರೆ ಒಂದಷ್ಟು ಹೆಣ್ಣುಗಳಿಗೂ ತೆಳ್ಳಗೆ ಗಡ್ಡ ಬೆಳೆಯುತ್ತದೆ, ಅವನ್ನು ಹೊಡೆದರೆ ತಪ್ಪಲ್ಲ. ಈ ಸಂದು ನನಗೆ ಇಷ್ಟವಿಲ್ಲ. ತಲೆಯ ಬಣ್ಣ ನೋಡಿದರೆ ಗಂಡೋ ಹೆಣ್ಣೋ ಗೊತ್ತಾಗುತ್ತದೆ. ನೋಡುವಷ್ಟು ತಾಳ್ಮೆ ಇರಬೇಕು ಅಷ್ಟೇ.

ಉಳಿದ ನಿಯಮಗಳೂ ಹೆಣ್ಣನ್ನು ಬಿಟ್ಟುಬಿಡುವ ಲೆಕ್ಕದಲ್ಲೇ ಹುಟ್ಟಿದವು. ಮಿಸೌರಿಯ ಸಾರ್ವಜನಿಕ ಕಾಡುಗಳಲ್ಲಿ ವಸಂತದ ಶಿಕಾರಿ ಮಧ್ಯಾಹ್ನ 1 ಗಂಟೆಗೆ ನಿಲ್ಲಬೇಕು. ಬೆಳಗ್ಗೆ ಕೂಗು ಮುಗಿದ ಮೇಲೂ ಜನ ಕಾಡಿನಲ್ಲಿ ಅಡ್ಡಾಡುತ್ತಿದ್ದರೆ ಗೂಡಿನ ಮೇಲಿರುವ ಹೆಣ್ಣು ಎದ್ದು ಓಡುತ್ತದೆ. ಬಿಟ್ಟು ಹೋದ ಮೊಟ್ಟೆ ರಕೂನ್‌ಗೋ ಸ್ಕಂಕ್‌ಗೋ ಹಾವಿಗೋ ಊಟ. ಇಡೀ ವಸಂತಕ್ಕೆ ಒಬ್ಬರಿಗೆ ಎರಡು ಹಕ್ಕಿ, ಮೊದಲ ವಾರದಲ್ಲಿ ಒಂದೇ. ಹೊಡೆದ ದಿನವೇ ರಾತ್ರಿ 10ರೊಳಗೆ ರಾಜ್ಯದ ವನ್ಯಜೀವಿ ಇಲಾಖೆಗೆ ತಿಳಿಸಬೇಕು.

“ಇಷ್ಟೆಲ್ಲ ನಿಯಮ ಯಾಕೆ, ಬೇಟೆಯನ್ನೇ ನಿಲ್ಲಿಸಬಹುದಲ್ಲ, ನಮ್ಮಲ್ಲಿ ನಿಲ್ಲಿಸಿಲ್ವಾ?” ಅನ್ನುತ್ತಾರೆ. ಹೌದು, ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಶಿಕಾರಿ ಅಪರಾಧ. ಕೊಡಗಿನ ಗೆಳೆಯರ ಮನೆಯಲ್ಲಿ ಕೋವಿ ಇದೆ, ಕೈಲ್ ಮುಹೂರ್ತಕ್ಕೆ ಪೂಜೆ ಇದೆ, ಆದರೆ ಕಾಡುಕೋಳಿಯ ಮೇಲೆ ಅದನ್ನು ಎತ್ತುವಂತಿಲ್ಲ. ಅಲ್ಲಿನ ಕಾಡು, ಅಲ್ಲಿನ ಜನಸಂಖ್ಯೆ ನೋಡಿದರೆ ಅದೇ ಸರಿ ಅಂತ ನಾನೂ ಒಪ್ಪುತ್ತೇನೆ. ಇಲ್ಲೂ ಒಂದು ಕಾಲದಲ್ಲಿ ನಿಲ್ಲಿಸಿದ್ದರು. ಮರ ಕಡಿದು, ವರ್ಷವಿಡೀ ಹೊಡೆದು, ಮಿಸೌರಿಯಲ್ಲಿ ಟರ್ಕಿ ಅಲ್ಲೊಂದು ಇಲ್ಲೊಂದು ಅನ್ನುವ ಹಾಗಾಗಿ, 1937ರಲ್ಲಿ ಶಿಕಾರಿ ಪೂರ್ತಿ ಬಂದ್ ಆಯಿತು. ಮೊದಲು ಸಾಕಿದ ಹಕ್ಕಿಗಳನ್ನು ಕಾಡಿಗೆ ಬಿಟ್ಟು ನೋಡಿದರು, ಬದುಕಲಿಲ್ಲ. ಉಳಿದಿದ್ದ ಕಾಡು ಹಕ್ಕಿಗಳನ್ನೇ ಬಲೆಯಲ್ಲಿ ಹಿಡಿದು ಬೇರೆ ಬೇರೆ ಬೆಟ್ಟಗಳಿಗೆ ಒಯ್ದು ಬಿಟ್ಟಾಗ ಹಬ್ಬಿದವು. 1960ರಲ್ಲಿ 14 ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳ ಹಾಗೆ) ಮೂರು ದಿನದ ವಸಂತದ ಶಿಕಾರಿ ಮತ್ತೆ ಶುರುವಾಯಿತು.

ಈ ಕೆಲಸಕ್ಕೆಲ್ಲ ದುಡ್ಡು ಕೊಟ್ಟಿದ್ದು ನಾವೇ ಅಂತ ಶಿಕಾರಿಯವರು ಎದೆ ತಟ್ಟಿಕೊಳ್ಳುವುದುಂಟು. ಅರ್ಧ ನಿಜ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಉದ್ದ ಕೋವಿ, ತೋಟಾಗಳ ಮೇಲೆ 11% ತೆರಿಗೆ ಇದೆ, ಅದು ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. ಆದರೆ ಮಿಸೌರಿಯ ಮತದಾರರು 1976ರಲ್ಲಿ ಮಾರಾಟ ತೆರಿಗೆಯ ಒಂದು ಪುಟ್ಟ ಪಾಲನ್ನು, ಶೇಕಡಾ ಒಂದರ ಎಂಟನೇ ಒಂದು ಭಾಗವನ್ನು, ಇದಕ್ಕೇ ಎತ್ತಿಟ್ಟರು. ಕೋವಿ ಮುಟ್ಟದವರೂ ಅಂಗಡಿಯಲ್ಲಿ ಸೋಪು ಕೊಂಡಾಗ ಟರ್ಕಿಗೆ ದುಡ್ಡು ಕೊಡುತ್ತಿದ್ದಾರೆ. ಹಾಗಾಗಿ ಪ್ರಶ್ನೆ ಕೇಳುವ ಹಕ್ಕು ಅವರಿಗೂ ಇದೆ.

ಈಗ ದಿನಾಂಕದ ವಿಷಯ. ಮೇಲೆ ಹೇಳಿದ್ದೆಲ್ಲ ನಿಂತಿರುವುದು ಒಂದೇ ಮಾತಿನ ಮೇಲೆ: ಗಂಡಿಗೆ ಗುಂಡು ಬೀಳುವ ಹೊತ್ತಿಗೆ ಹೆಣ್ಣುಗಳು ಕೂಡಿ ಮುಗಿಸಿರಬೇಕು, ಬಹುಪಾಲು ಕಾವಿಗೆ ಕೂತಿರಬೇಕು. ಅದಕ್ಕಿಂತ ಮುಂಚೆ ಶುರು ಮಾಡಿದರೆ, ಕೂಡುವ ಸಾಲಿನಲ್ಲಿ ಮುಂದೆ ನಿಂತ ಬಲಿಷ್ಠ ಗಂಡೇ ಮೊದಲು ಸಾಯುತ್ತದೆ, ಕೂಗುವುದೂ ಹತ್ತಿರ ಬರುವುದೂ ಅದೇ ತಾನೇ. ಅದರ ಜಾಗಕ್ಕೆ ಇನ್ನೊಂದು ಗಂಡು ಬರುವಷ್ಟರಲ್ಲಿ ಹೆಣ್ಣುಗಳ ಲಯ ತಪ್ಪಿ ಗೂಡು ತಡವಾಗಬಹುದು ಅಂತ ಕೆಲವು ಜೀವವಿಜ್ಞಾನಿಗಳ ಅನುಮಾನ. ಇನ್ನು ಕೆಲವರು, ಅಸಲು ಸಮಸ್ಯೆ ಕಾಡಿನ ಗುಣಮಟ್ಟ, ಮೊಟ್ಟೆ ಮರಿ ತಿನ್ನುವ ಪ್ರಾಣಿಗಳು, ತಣ್ಣನೆಯ ಮಳೆಯ ಮೇ ತಿಂಗಳು ಅನ್ನುತ್ತಾರೆ. ಜಗಳ ಇನ್ನೂ ಮುಗಿದಿಲ್ಲ. ಆದರೆ ಮರಿಗಳು ಕಡಿಮೆಯಾಗಿರುವುದು ಮಾತ್ರ ನಿಜ. ದಕ್ಷಿಣದ ಎಷ್ಟೋ ರಾಜ್ಯಗಳಲ್ಲಿ, ಮಿಸೌರಿಯಲ್ಲೂ, ಈ ಶತಮಾನದ ಶುರುವಿನಲ್ಲಿ ಇದ್ದಷ್ಟು ಟರ್ಕಿ ಈಗಿಲ್ಲ. ಟೆನೆಸ್ಸಿ 2023ರಲ್ಲಿ ಶಿಕಾರಿಯನ್ನು ಎರಡು ವಾರ ತಡವಾಗಿ ಶುರು ಮಾಡಿ, ಒಬ್ಬರಿಗೆ ಎರಡೇ ಹಕ್ಕಿ ಅಂತ ಮಿತಿ ಹಾಕಿತು.

ಮಿಸೌರಿಯಲ್ಲಿ ಶುರುವಾಗುವುದು ಏಪ್ರಿಲ್‌ನ ಮೂರನೇ ಸೋಮವಾರ. ಬಹಳ ರಾಜ್ಯಗಳಿಗಿಂತ ಇದು ವಾಸಿ. ಇನ್ನೂ ಒಂದು ವಾರ ಮುಂದೆ ಹಾಕಿದರೂ ನನ್ನ ತಕರಾರಿಲ್ಲ. ಆಗ ಎಲೆ ದಟ್ಟವಾಗಿ ಕೂಗು ದೂರಕ್ಕೆ ಕೇಳಿಸುವುದಿಲ್ಲ, ಉಣ್ಣಿ ಕಾಟ ಜಾಸ್ತಿ, ಎಷ್ಟೋ ಬೆಳಗ್ಗೆ ಬರಿಗೈಯಲ್ಲಿ ವಾಪಸ್ ಬರಬೇಕಾಗುತ್ತದೆ. ಚಿಕ್ಕಮ್ಮನಿಗೆ ಈ ಭಾಗ ಮಾತ್ರ ಬಹಳ ಹಿಡಿಸಿತು.