ಗಾಳಿಗೆ ಬೆನ್ನು ಕೊಟ್ಟು: ಮೇಯೊ ಕೌಂಟಿಯ ಹಳೆಯ ರೈಲುದಾರಿಯಲ್ಲಿ ಸೈಕಲ್ ಸವಾರಿ

ಐರ್ಲೆಂಡಿನ ಪಶ್ಚಿಮ ಕರಾವಳಿಯ ಮೇಯೊ ಕೌಂಟಿಯಲ್ಲಿ, ವೆಸ್ಟ್‌ಪೋರ್ಟ್ ಪಟ್ಟಣದಿಂದ ಆ್ಯಕಿಲ್ ದ್ವೀಪದ ಅಂಚಿನವರೆಗೆ 42 ಕಿ.ಮೀ. ಉದ್ದದ ಸೈಕಲ್ ದಾರಿಯೊಂದಿದೆ. 1937ರಲ್ಲಿ ಮುಚ್ಚಿದ ರೈಲುಮಾರ್ಗದ ಮೇಲೆಯೇ ಬಹುಪಾಲು ಸಾಗುವ ಈ ಗ್ರೇಟ್ ವೆಸ್ಟರ್ನ್ ಗ್ರೀನ್‌ವೇಯಲ್ಲಿ ಉಗಿಬಂಡಿ ಹತ್ತಬಲ್ಲಷ್ಟೇ ಏರು ಇರುವುದರಿಂದ, ನಲವತ್ತು ದಾಟಿದ ನಮ್ಮಂಥವರಿಗೂ ಉಸಿರು ಕಟ್ಟುವುದಿಲ್ಲ. ಹಳಿಯ ಜಾಡನ್ನು ಬಿಟ್ಟು ಬದಿಗೆ ಸರಿದ ಕೆಲವೆಡೆ ಮಾತ್ರ ಚಿಕ್ಕ ದಿಬ್ಬಗಳು ಎದುರಾಗುತ್ತವೆ.

ಒಂದೇ ದಿನದಲ್ಲಿ ಮುಗಿಸುವವರೂ ಇದ್ದಾರೆ. ನಾನೂ ನನ್ನ ಪತ್ನಿಯೂ ಜೂನ್ ತಿಂಗಳಿನಲ್ಲಿ ಮೂರು ದಿನ ತೆಗೆದುಕೊಂಡೆವು. ಅದರಲ್ಲಿ ಮೊದಲ ದಿನ ನಮ್ಮ ತಪ್ಪಿನಿಂದಲೇ ಹಾಳಾಯಿತು. ಅಲ್ಲಿ ಗಾಳಿ ಹೆಚ್ಚಾಗಿ ಅಟ್ಲಾಂಟಿಕ್ ಕಡೆಯಿಂದ ಬೀಸುತ್ತದೆಂಬುದನ್ನು ಯೋಚಿಸದೆ ವೆಸ್ಟ್‌ಪೋರ್ಟ್‌ನಿಂದ ಪಶ್ಚಿಮಕ್ಕೆ ಹೊರಟೆವು. ನ್ಯೂಪೋರ್ಟ್‌ವರೆಗಿನ ಸುಮಾರು 11 ಕಿ.ಮೀ. ಹಾದಿಯಲ್ಲಿ, ಸಮತಟ್ಟಾದ ನೆಲದ ಮೇಲೂ ಗಟ್ಟಿಯಾಗಿ ತುಳಿಯಬೇಕಾಯಿತು. ಬಾಡಿಗೆ ಸೈಕಲ್ ಕೊಡುವ ಅಂಗಡಿಯವರು ಬೆಳಿಗ್ಗೆ ನಿಮ್ಮನ್ನೂ ಸೈಕಲನ್ನೂ ವ್ಯಾನಿನಲ್ಲಿ ಆ್ಯಕಿಲ್‌ಗೆ ಬಿಟ್ಟು ಬರುತ್ತಾರೆ. ಅಲ್ಲಿಂದ ಪೂರ್ವಕ್ಕೆ ತಿರುಗಿ ಬನ್ನಿ, ಗಾಳಿಯೇ ಅರ್ಧ ಕೆಲಸ ಮಾಡುತ್ತದೆ. ಮರುದಿನ ನಾವೂ ಹಾಗೆಯೇ ಮಾಡಿದೆವು.

ಆ್ಯಕಿಲ್‌ನಿಂದ ಮಲ್‌ರನಿವರೆಗಿನ 13 ಕಿ.ಮೀ. ನನಗೆ ಅತ್ಯಂತ ಹಿಡಿಸಿದ ಭಾಗ. ಒಂದು ಬದಿಗೆ ಬೆಟ್ಟ ಮತ್ತು ಕಪ್ಪು ಜವುಗುನೆಲ, ಇನ್ನೊಂದು ಬದಿಗೆ ಸಮುದ್ರ. ದಾರಿ ರೈತರ ಹೊಲಗಳ ನಡುವೆ ಹಾಯುವುದರಿಂದ ಆಗಾಗ ಗೇಟುಗಳು ಬರುತ್ತವೆ. ತೆರೆದ ಗೇಟನ್ನು ಮುಚ್ಚಿಯೇ ಮುಂದೆ ಹೋಗಬೇಕು. ಬೆನ್ನ ಮೇಲೆ ನೀಲಿಯದೋ ಕೆಂಪಿನದೋ ಬಣ್ಣ ಬಳಿಸಿಕೊಂಡ ಕಪ್ಪು ಮುಖದ ಕುರಿಯೊಂದು ದಾರಿಯ ನಡುವೆ ಮಲಗಿ, ನಾನು ಗಂಟೆ ಬಾರಿಸಿದರೂ ಮೆಲುಕು ಹಾಕುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ನಾವೇ ಇಳಿದು ಸೈಕಲ್ ತಳ್ಳಿಕೊಂಡು ಹೋದೆವು.

ಈ ಹಳಿಗೊಂದು ದುಃಖದ ಕಥೆಯಿದೆ. 1894ರಲ್ಲಿ ಸ್ಕಾಟ್ಲೆಂಡಿಗೆ ಕೂಲಿಗೆ ಹೊರಟಿದ್ದ ಆ್ಯಕಿಲ್‌ನ ಜನರ ದೋಣಿ ಕ್ಲೂ ಕೊಲ್ಲಿಯಲ್ಲಿ ಮಗುಚಿ 32 ಮಂದಿ ಸತ್ತಾಗ, ಶವಗಳನ್ನು ಈ ಹೊಸ ಮಾರ್ಗದ ಮೇಲೆಯೇ ತಂದರು. 1937ರಲ್ಲಿ ಮಾರ್ಗ ಮುಚ್ಚುವ ಹೊತ್ತಿಗೆ, ಸ್ಕಾಟ್ಲೆಂಡಿನಲ್ಲಿ ಬೆಂಕಿಗೆ ಸಿಕ್ಕಿ ಸತ್ತ ಹತ್ತು ಕೂಲಿ ಹುಡುಗರ ಶವಗಳೂ ಇಲ್ಲಿಯೇ ಬಂದವು. ಮೊದಲ ಬಂಡಿಯೂ ಕೊನೆಯ ಬಂಡಿಯೂ ಹೆಣ ಹೊರುತ್ತವೆಂದು ಯಾರೋ ಮೊದಲೇ ನುಡಿದಿದ್ದರೆಂಬುದು ಊರವರ ನಂಬಿಕೆ. ಅದನ್ನು ತಿಳಿದ ಮೇಲೆ ನ್ಯೂಪೋರ್ಟ್‌ನ ಏಳು ಕಮಾನಿನ ಕೆಂಪುಕಲ್ಲಿನ ಸೇತುವೆಯನ್ನು ಸುಮ್ಮನೆ ದಾಟಲು ಮನಸ್ಸಾಗುವುದಿಲ್ಲ.

ಇನ್ನು ವ್ಯವಹಾರದ ಮಾತು. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಿಗುವ ಷೆಂಗೆನ್ ವೀಸಾ ಐರ್ಲೆಂಡಿಗೆ ನಡೆಯುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು ಸಾಮಾನ್ಯವಾಗಿ ಆ ದೇಶದ ವೀಸಾವನ್ನು ಬೇರೆಯಾಗಿಯೇ ಪಡೆಯಬೇಕು. ಡಬ್ಲಿನ್‌ನ ಹ್ಯೂಸ್ಟನ್ ನಿಲ್ದಾಣದಿಂದ ವೆಸ್ಟ್‌ಪೋರ್ಟ್‌ಗೆ ರೈಲಿನಲ್ಲಿ ಮೂರು ಗಂಟೆಗೆ ತುಸು ಹೆಚ್ಚು ಬೇಕು. ರೈಲಿನಲ್ಲಿ ಸೈಕಲ್‌ಗೆ ಜಾಗ ಬಲು ಕಡಿಮೆಯಾದ್ದರಿಂದ ಅಲ್ಲಿಯೇ ಬಾಡಿಗೆಗೆ ಪಡೆಯುವುದು ಸುಲಭ. ವಾಹನಗಳು ನಮ್ಮಲ್ಲಿಯಂತೆ ಎಡಬದಿಗೇ ಚಲಿಸುವುದರಿಂದ ರಸ್ತೆ ದಾಟುವಾಗ ಗೊಂದಲವಾಗದು. ಕೊಡೆ ವ್ಯರ್ಥ, ಟೋಪಿಯಿರುವ ಮಳೆಯಂಗಿ ಮತ್ತು ಒಂದು ಜೊತೆ ಹೆಚ್ಚುವರಿ ಕಾಲುಚೀಲ ಇರಲಿ.

ಸಸ್ಯಾಹಾರಿಗಳು ತರಕಾರಿ ಸೂಪಿಗೆ ಕೋಳಿಯ ಸಾರು ಬೆರೆಸಿದ್ದಾರೆಯೇ ಎಂದು ಕೇಳಿಯೇ ತರಿಸಿಕೊಳ್ಳಬೇಕು. ಬೆಣ್ಣೆ ಸವರಿದ ಕಂದು ಸೋಡಾ ಬ್ರೆಡ್ ಮಾತ್ರ ನಿಶ್ಚಿಂತೆಯಿಂದ ತಿನ್ನಬಹುದು. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುವುದನ್ನು ನಂಬಿ ಊಟಕ್ಕೆ ತಡಮಾಡಬೇಡಿ. ಎರಡನೆಯ ದಿನ ನಾವು ಸೂರ್ಯಾಸ್ತ ನೋಡಿಕೊಂಡು ಪಬ್ಬಿಗೆ ಹೋಗುವಷ್ಟರಲ್ಲಿ ಅಡುಗೆಮನೆ ಮುಚ್ಚಿತ್ತು. ಬೆಂಗಳೂರಿನಿಂದ ಕಟ್ಟಿಕೊಂಡು ಹೋಗಿದ್ದ ಚಟ್ನಿಪುಡಿ ಅಂದು ರಾತ್ರಿ ಉಳಿದ ಸೋಡಾ ಬ್ರೆಡ್ಡಿಗೆ ಜೊತೆಯಾಯಿತು.