ಬೋರ್ಡೊಗೆ ವೈನ್ ಸವಿಯಲು ಹೊರಟವರಿಗೆ: ಗೇಟು ಆಮೇಲೆ, ಮೊದಲು ಲೇಬಲ್ ಓದಿ

ಫ್ರಾನ್ಸಿನ ಬೋರ್ಡೊ ನಗರದ ಹತ್ತಿರದ ಸೇಂಟ್ ಎಮಿಲಿಯನ್ ಊರಿನ ವೈನ್ ಅಂಗಡಿಗಳಲ್ಲಿ ಮೋಸ ಎನ್ನಲಾಗದ ಒಂದು ಮೋಸ ನಡೆಯುತ್ತದೆ. ಬಾಟಲಿಯ ಮೇಲೆ ದಪ್ಪಕ್ಷರದಲ್ಲಿ ‘ಸೇಂಟ್ ಎಮಿಲಿಯನ್ ಗ್ರಾಂ ಕ್ರೂ’ ಎಂದಿರುತ್ತದೆ. ಶ್ರೇಣಿ ಪಡೆದ ದೊಡ್ಡ ವೈನೇ ಸಿಕ್ಕಿತೆಂದು ಪ್ರವಾಸಿ ದುಡ್ಡು ಸುರಿಯುತ್ತಾನೆ. ಕಾನೂನಿನ ಲೆಕ್ಕದಲ್ಲಿ ಅದು ಸೀಮೆಯ ಹೆಸರು, ಅಷ್ಟೇ. ನೂರಾರು ತೋಟಗಳು ಅದನ್ನು ಹಾಕಿಕೊಳ್ಳುತ್ತವೆ. ಶ್ರೇಣಿ ಸಿಕ್ಕಿದ್ದರೆ ಕೊನೆಗೆ ‘ಕ್ಲಾಸೆ’ ಎಂಬ ಪದ ಇರಲೇಬೇಕು. 2022ರ ಪಟ್ಟಿಯಲ್ಲಿ ಅಂಥವು 85. ಅದರಲ್ಲಿ 14 ‘ಪ್ರೀಮಿಯೆ’ ದರ್ಜೆಯವು, ನೆತ್ತಿಯ ಮೇಲಿನ ‘ಎ’ ದರ್ಜೆಗೆ ಎರಡೇ ಹೆಸರು: ಫಿಜಾಕ್ ಮತ್ತು ಪಾವಿ. ಹೆಸರಾಂತ ತೋಟಗಳಾದ ಶೆವಾಲ್ ಬ್ಲಾಂ, ಓಜೋನ್, ಅಂಜೆಲ್ಯೂಸ್ ಆ ಪಟ್ಟಿಯಲ್ಲಿ ಕಾಣದಿದ್ದರೆ ಗಾಬರಿ ಬೇಡ. ಅವು ಬಿದ್ದದ್ದಲ್ಲ, ತಾವಾಗಿಯೇ ಹೊರಬಂದವು. ಲೇಬಲ್ಲಿನ ‘ಗ್ರಾಂ ವ್ಯಾಂ ದ ಬೋರ್ಡೊ’ (ಬೋರ್ಡೊದ ದೊಡ್ಡ ವೈನ್) ಎಂಬ ಸಾಲಿಗಂತೂ ಯಾವ ಶ್ರೇಣಿಯ ಬೆಲೆಯೂ ಇಲ್ಲ.

ಆ ಊರಿಗೆ ಹೋಗಬೇಡಿ ಎಂದಲ್ಲ. ಬೋರ್ಡೊದಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ತಲುಪುತ್ತೀರಿ. ನಿಲ್ದಾಣದಿಂದ ಊರಿಗೆ ಇಪ್ಪತ್ತು ನಿಮಿಷದ ಏರು ನಡಿಗೆ. ಬೀದಿಗಳು ಕಡಿದಾದ ಕಲ್ಲುಹಾಸಿನವು, ಹಿಮ್ಮಡಿ ಚಪ್ಪಲಿ ನಡೆಯುವುದಿಲ್ಲ. ಬಂಡೆ ಕೊರೆದು ಮಾಡಿದ ಚರ್ಚು ನೋಡಿ, ಹನ್ನೊಂದರ ಹೊತ್ತಿಗೆ ಟೂರ್ ಬಸ್ಸುಗಳು ಬರುವ ಮೊದಲೇ ಇಳಿದುಬಿಡಿ. ರಾತ್ರಿ ಅಲ್ಲಿ ತಂಗುವುದು ದುಡ್ಡು ದಂಡ. ಬೋರ್ಡೊದ ಸಾಂ-ಜಾಂ ನಿಲ್ದಾಣದ ಆಸುಪಾಸಿನಲ್ಲಿ ಕೋಣೆ ಹಿಡಿದರೆ ಎಲ್ಲ ದಿಕ್ಕಿನ ರೈಲೂ ಕೈಗೆ ಸಿಗುತ್ತದೆ.

ಕೆಂಪು ವೈನುಗಳ ಹೆಸರಾಂತ 1855ರ ಶ್ರೇಣಿ ಇರುವುದು ನದಿಯ ಆಚೆ, ಮೆಡಾಕ್‌ನಲ್ಲಿ. ಮೂರನೆಯ ನೆಪೋಲಿಯನ್ನನ ಪ್ಯಾರಿಸ್ ಪ್ರದರ್ಶನಕ್ಕಾಗಿ ಬೋರ್ಡೊದ ದಲ್ಲಾಳಿಗಳು ಮಾಡಿಕೊಟ್ಟ ಪಟ್ಟಿ ಅದು. ಯಾವ ವೈನ್ ಎಷ್ಟಕ್ಕೆ ಮಾರಾಟವಾಗುತ್ತಿತ್ತು ಎಂಬುದೇ ಅಳತೆ. ಐದು ದರ್ಜೆಗಳು. ಮೊದಲನೆಯದರಲ್ಲಿ ಲಾಫೀತ್, ಲಾತೂರ್, ಮಾರ್ಗೊ, ಮೆಡಾಕ್‌ನ ಹೊರಗಿನ ಓ-ಬ್ರಿಯೋಂ. 1973ರಲ್ಲಿ ಮೂತೋಂಗೆ ಬಡ್ತಿ ಸಿಕ್ಕಿತು. ದರ್ಜೆ ಅಂಟಿಕೊಂಡಿರುವುದು ಶಾತೋದ, ಅಂದರೆ ವೈನ್ ಮಾಡುವ ಎಸ್ಟೇಟಿನ ಹೆಸರಿಗೆ, ನೆಲಕ್ಕಲ್ಲ. ಅಂದಿನಿಂದ ಎಷ್ಟೋ ತೋಟಗಳು ಕೈ ಬದಲಾಗಿವೆ, ಹಿಗ್ಗಿವೆ, ಕುಗ್ಗಿವೆ. ಹಾಗಾಗಿ ಐದನೆಯ ದರ್ಜೆಯ ಲಿಂಚ್-ಬಾಜ್, ಪೋಂತೆ-ಕಾನೆ, ಗ್ರಾಂ-ಪ್ವಿ-ಲಾಕೋಸ್ತ್ ಇವತ್ತು ಹಲವು ಎರಡನೆಯ ದರ್ಜೆಯವರನ್ನು ಹಿಂದಿಕ್ಕುತ್ತವೆ. ಬೆಲೆಗೆ ತಕ್ಕ ರುಚಿ ಬೇಕಿದ್ದರೆ ಹುಡುಕಬೇಕಾದದ್ದು ಇಂಥವನ್ನೇ.

ಮೆಡಾಕ್‌ನ ಊರುಗಳಾದ ಮಾರ್ಗೊ ಮತ್ತು ಪೊಯಾಕ್‌ಗೆ ಬೋರ್ಡೊದಿಂದ ರೈಲಿದೆ. ಪೊಯಾಕ್‌ಗೆ ಸುಮಾರು ಒಂದೂಕಾಲು ಗಂಟೆ. ತೊಂದರೆ ಶುರುವಾಗುವುದು ಹಳಿ ರಿಪೇರಿ ಇದ್ದಾಗ. ರೈಲಿನ ಬದಲು ಬಸ್ ಬಿಡುತ್ತಾರೆ, ಟಿಕೆಟ್ ಅದೇ. ಆದರೆ ವೇಳಾಪಟ್ಟಿಯಲ್ಲಿ ಗೊತ್ತಾಗುವುದು ಒಂದು ಪುಟ್ಟ ಬಸ್ಸಿನ ಚಿತ್ರದಿಂದ ಮಾತ್ರ. ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತ ನಿಂತವರಿಗೆ ಬಸ್ ಹೊರಗಿನಿಂದಲೇ ಹೊರಟುಹೋಗುವುದು ತಿಳಿಯುವುದೇ ಇಲ್ಲ. ಅದು ಹಳ್ಳಿಹಳ್ಳಿ ಸುತ್ತುತ್ತದೆ, ಸಂಜೆ ಬೋರ್ಡೊದ ವರ್ತುಲ ರಸ್ತೆಯಲ್ಲಿ ಸಿಕ್ಕಿಬೀಳುತ್ತದೆ. ಆ ದಿನ ರಾತ್ರಿ ಪ್ಯಾರಿಸ್ ರೈಲಿಗೆ ಟಿಕೆಟ್ ಮಾಡಿಸಿದ್ದರೆ ತಪ್ಪಿತೆಂದೇ ತಿಳಿಯಿರಿ. ಹಿಂದಿನ ಸಂಜೆ ನಿಲ್ದಾಣದ ಕೌಂಟರಿನಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ಮಧ್ಯಾಹ್ನ ರೈಲುಗಳ ನಡುವೆ ದೊಡ್ಡ ಬಿಡುವಿರುತ್ತದೆ, ಭಾನುವಾರ ಇನ್ನೂ ಕಡಿಮೆ. ಬಾಡಿಗೆ ಕಾರಾದರೆ ಒಬ್ಬರು ಕುಡಿಯದೆ ಇರಬೇಕು: ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ, ಸೈಕಲ್ ತುಳಿಯುವವರಿಗೂ ಅದೇ.

ಏಪ್ರಿಲ್‌ನಲ್ಲಿ ವ್ಯಾಪಾರಿಗಳು ಹೊಸ ವೈನ್ ರುಚಿ ನೋಡುವ ವಾರ, ಸೆಪ್ಟೆಂಬರಿನ ಮೆಡಾಕ್ ಮ್ಯಾರಥಾನ್, ಆಮೇಲಿನ ದ್ರಾಕ್ಷಿ ಕೊಯ್ಲು, ಈ ಮೂರೂ ಹೊತ್ತಿನಲ್ಲಿ ಹೋಗಬೇಡಿ. ಕೋಣೆ ದುಬಾರಿ, ಎಷ್ಟೋ ಶಾತೋಗಳ ಬಾಗಿಲು ಮುಚ್ಚಿರುತ್ತದೆ. ಉಳಿದ ಕಾಲದಲ್ಲೂ ಮುಂಚಿತವಾಗಿ ಸಮಯ ಗೊತ್ತುಮಾಡದೆ ಬಹಳ ಕಡೆ ಒಳಗೆ ಬಿಡುವುದಿಲ್ಲ. ಪೊಯಾಕ್‌ನ ನದಿದಂಡೆಯ ಪ್ರವಾಸ ಕಚೇರಿಯಲ್ಲಿ ಭೇಟಿ ಗೊತ್ತುಮಾಡಿಕೊಡುತ್ತಾರೆ, ಬಾಟಲಿಗಳನ್ನೂ ಮಾರುತ್ತಾರೆ.

ದೊಡ್ಡ ಹೆಸರಿನ ಶಾತೋದಲ್ಲಿ ಕೈಗೆ ಬರುವ ಲೋಟದಲ್ಲಿ ಏನಿದೆ ಎಂದು ಮೊದಲೇ ಕೇಳಿ. ಬಹಳ ಸಲ ಅದು ‘ಎರಡನೆಯ ವೈನ್’ ಆಗಿರುತ್ತದೆ: ಎಳೆ ಬಳ್ಳಿಗಳದ್ದು, ಇಲ್ಲವೇ ಮುಖ್ಯ ವೈನಿಗೆ ಆಯ್ಕೆಯಾಗದೆ ಉಳಿದ ಪೀಪಾಯಿಗಳದ್ದು. ಮುಖ್ಯ ವೈನೇ ಸಿಕ್ಕರೂ ತೀರಾ ಹೊಸದಾಗಿದ್ದರೆ ಎಳೆ ಅಡಿಕೆ ಜಗಿದಂತೆ ನಾಲಿಗೆ ಒಗರುಗಟ್ಟುತ್ತದೆ. ಇಷ್ಟು ದುಡ್ಡಿಗೆ ಇದೇನಾ ಅನ್ನಿಸುವುದು ಆಗಲೇ. ದೋಷ ವೈನಿನದ್ದಲ್ಲ, ಕಾಬರ್ನೆ ಸೊವಿನ್ಯೋಂ ದ್ರಾಕ್ಷಿಯ ಸಿಪ್ಪೆಯ ಒಗರು ಕರಗಲು ಹತ್ತು ಹದಿನೈದು ವರ್ಷ ಬೇಕು. ಹಿಂದಿನ ರಾತ್ರಿ ಖಾರ ತಿನ್ನಬೇಡಿ, ಬೆಳಿಗ್ಗೆ ಕಾಫಿ, ಅತ್ತರು ಬೇಡ. ಉಗುಳುವ ಪಾತ್ರೆ ಇಟ್ಟಿರುತ್ತಾರೆ, ಸಂಕೋಚವಿಲ್ಲದೆ ಉಗುಳಿ. ಇಲ್ಲದಿದ್ದರೆ ಮೂರನೆಯ ಲೋಟದ ಹೊತ್ತಿಗೆ ಎಲ್ಲವೂ ಒಂದೇ ರುಚಿ.

ನಂದಿ ಬೆಟ್ಟದ ತಪ್ಪಲಿನ ಕಾಬರ್ನೆ-ಶಿರಾಜ್ ಕುಡಿದು ರೂಢಿಯಾದವರಿಗೆ ಮೆಡಾಕ್ ಮೊದಲಿಗೆ ಬಿಗಿ ಅನ್ನಿಸುತ್ತದೆ: ಹಣ್ಣಿನ ಮಾಗು ಕಡಿಮೆ, ಹುಳಿ ಹೆಚ್ಚು. ಪೊಯಾಕ್‌ನಲ್ಲಿ ಕಪ್ಪು ಕರಂಟ್, ದೇವದಾರು, ಪೆನ್ಸಿಲ್ ಕೆತ್ತಿದ ವಾಸನೆ. ಮಾರ್ಗೊ ಅದಕ್ಕಿಂತ ನಯ, ಹೂವಿನ ಕಂಪು ಮುಂದು. ಸೇಂಟ್ ಎಸ್ತೆಫ್‌ನಲ್ಲಿ ಜೇಡಿಮಣ್ಣು ಹೆಚ್ಚಿರುವುದರಿಂದ ಗಡಸು, ನಿಧಾನ. ನದಿಯ ಈಚೆ ಸೇಂಟ್ ಎಮಿಲಿಯನ್‌ನಲ್ಲಿ ಮೆರ್ಲೊ ದ್ರಾಕ್ಷಿಯ ಪಾಲು ದೊಡ್ಡದು: ಪ್ಲಮ್ ಹಣ್ಣಿನ ಮಾಗು, ದುಂಡನೆಯ ಮೈ, ಬೇಗ ಕುಡಿಯಲು ಸಿದ್ಧ. ಈಗಲೇ ಕುಡಿಯಲು ಕೊಳ್ಳುವವರು ಕೊಂಡಾಡಿಸಿಕೊಂಡ 2010, 2016ರ ಹಿಂದೆ ಬೀಳಬೇಡಿ. ಒಳ್ಳೆಯ ಶಾತೋದ 2013ರಂಥ ಸಪ್ಪೆ ವರ್ಷದ ಬಾಟಲಿ ಅಗ್ಗ, ವೈನ್ ಹಗುರ.

ಇಷ್ಟೆಲ್ಲ ಅಲೆಯದೆಯೂ ಈ ವ್ಯತ್ಯಾಸ ಕಲಿಯಬಹುದಾದ ಜಾಗ ಬೋರ್ಡೊ ನಗರದ ಮಧ್ಯದಲ್ಲೇ ಇದೆ. ಗ್ರಾಂ ಥಿಯೇಟರಿನ ಎದುರು, ಹಡಗಿನ ಮೂತಿಯಂಥ ಮೂಲೆ ಕಟ್ಟಡದಲ್ಲಿ ಬೋರ್ಡೊ ವೈನ್ ಮಂಡಳಿಯ ‘ಬಾರ್ ಆ ವ್ಯಾಂ’. ಲೋಟಕ್ಕೆ ಕೆಲವೇ ಯೂರೋ. ನದಿಯ ಎರಡು ದಂಡೆಯ ಎರಡು ಕೆಂಪು, ಒಂದು ಸಿಹಿ ಬಿಳಿ ತರಿಸಿಕೊಂಡು ಪಕ್ಕಪಕ್ಕ ಇಟ್ಟು ಮೂಸಿ. ಅರ್ಧ ಗಂಟೆಯಲ್ಲಿ ಕಲಿಯುವುದು ಒಂದು ಶಾತೋ ಭೇಟಿಗಿಂತ ಹೆಚ್ಚು. ಕೇಳಿದರೆ ಬಡಿಸುವವರು ಬೇಸರವಿಲ್ಲದೆ ವಿವರಿಸುತ್ತಾರೆ. ಸಸ್ಯಾಹಾರಿಗಳು ಚೀಸ್ ತಟ್ಟೆ, ಬ್ರೆಡ್ಡಿನಲ್ಲಿ ರಾತ್ರಿಯೂಟ ಮುಗಿಸಬಹುದು. ಕೆಂಪಿಗೆ ಗಟ್ಟಿ ಚೀಸ್, ಸಿಹಿ ಬಿಳಿಗೆ ನೀಲಿ ಬೂಷ್ಟಿನ ಚೀಸ್. ಮೇಜು ಕಾದಿರಿಸುವ ಗೋಜಿಲ್ಲ. ಸಂಜೆ ಆರಕ್ಕೆ ಮೊದಲು ಹೋದರೆ ಕುರ್ಚಿ ಸಿಗುತ್ತದೆ. ಭಾನುವಾರ ಬಾರ್ ತೆರೆದಿರುವುದಿಲ್ಲ. ಊರಿನ ಕಾನಲೆ ಎಂಬ ಪುಟ್ಟ ಕೇಕಿನಲ್ಲಿ ಮೊಟ್ಟೆಯೂ ರಮ್ಮೂ ಇರುತ್ತದೆ, ಬೇಡದವರು ಗಮನಿಸಿ.

ಶ್ರೇಣಿ ಇರುವ ಸೀಮೆಗಳಲ್ಲಿ ಒಂದಕ್ಕಷ್ಟೇ ಹೋಗಲು ಸಮಯವಿದ್ದರೆ ಸಿಹಿ ಬಿಳಿ ವೈನಿನ ಸೋತೆರ್ನ್ ಆರಿಸಿ, ಜನಸಂದಣಿ ಇಲ್ಲ. ಲಾಂಗೋಂವರೆಗೆ ರೈಲು, ಅಲ್ಲಿಂದ ಟ್ಯಾಕ್ಸಿ. ತಣ್ಣನೆಯ ಸಿರೋಂ ಹೊಳೆ ಗಾರೋನ್ ನದಿ ಸೇರುವಲ್ಲಿ ಶರತ್ಕಾಲದ ಬೆಳಗಿನ ಮಂಜು ಏಳುತ್ತದೆ, ದ್ರಾಕ್ಷಿಗೆ ಬೂಷ್ಟು ಹಿಡಿಯುತ್ತದೆ, ಮಧ್ಯಾಹ್ನದ ಬಿಸಿಲು ಒಣಗಿಸಿ ಸಕ್ಕರೆ ಗಟ್ಟಿಮಾಡುತ್ತದೆ. ಜರ್ದಾಳು, ಜೇನು, ಕಿತ್ತಳೆ ಸಿಪ್ಪೆಯ ರುಚಿ, ಸಿಹಿಯನ್ನು ಹಿಡಿದಿಡುವ ಹುಳಿ. 1855ರ ಸಿಹಿ ಬಿಳಿ ವೈನುಗಳ ಪಟ್ಟಿಯಲ್ಲಿ ಇಲ್ಲಿನ ಇಕೆಮ್ ಶಾತೋಗೆ ಕೊಟ್ಟದ್ದು ಎಲ್ಲರಿಗಿಂತ ಮೇಲಿನ ಪ್ರತ್ಯೇಕ ದರ್ಜೆ. 2012ರಲ್ಲಿ ಹಣ್ಣು ಸರಿಯಿಲ್ಲವೆಂದು ಅವರು ಆ ವರ್ಷದ ಇಕೆಮ್ ಬಾಟಲಿಯನ್ನೇ ಹೊರತರಲಿಲ್ಲ.

ಊರಿಗೆ ತರುವಾಗಲೂ ಸೋತೆರ್ನ್ ಅನುಕೂಲ. ಭಾರತದಲ್ಲಿ ಸುಂಕವಿಲ್ಲದೆ ತಲೆಗೆ 2 ಲೀಟರ್. 750 ಮಿಲಿಲೀಟರಿನ ಬಾಟಲಿ ಎರಡೇ ಹಿಡಿಸುತ್ತವೆ, ಸೋತೆರ್ನ್‌ನ 375ರ ಅರ್ಧ ಬಾಟಲಿ ಐದು. ಯುರೋಪಿನ ಹೊರಗೆ ನೆಲೆಸಿದವರು ಒಂದೇ ಅಂಗಡಿಯಲ್ಲಿ 100 ಯೂರೋ ಮೀರಿ ಕೊಂಡರೆ ತೆರಿಗೆ ವಾಪಸಿನ ಫಾರಂ ಕೇಳಿ. ಸೂಟ್‌ಕೇಸ್ ಕೊಡುವ ಮೊದಲೇ ವಿಮಾನ ನಿಲ್ದಾಣದ ಯಂತ್ರದಲ್ಲಿ ಸ್ಕ್ಯಾನ್ ಮಾಡಬೇಕು. 20% ತೆರಿಗೆಯಲ್ಲಿ ಮಧ್ಯವರ್ತಿಯ ಪಾಲು ಕಳೆದು ಉಳಿದದ್ದಷ್ಟೇ ಬರುತ್ತದೆ. ಬೇರೆ ದೇಶದಲ್ಲಿ ವಿಮಾನ ಬದಲಿಸುವವರು ಬಾಟಲಿಯನ್ನು ಕೈಚೀಲದಲ್ಲಿ ಇಟ್ಟುಕೊಳ್ಳಬೇಡಿ. ಸೂಟ್‌ಕೇಸಿನ ನಡುವೆ, ಸ್ವೆಟರಿನಲ್ಲಿ ಸುತ್ತಿ, ಬಾಟಲಿಗೆ ಬಾಟಲಿ ತಾಗದಂತೆ ಇಡಿ.