ಚಿಗವ್ವನ ರೊಟ್ಟಿ ಲೆಕ್ಕ

ನಮ್ಮ ಚಿಗವ್ವ ರೊಟ್ಟಿ ಮಾರುತ್ತಾಳೆ. ಹುನಗುಂದ ತಾಲೂಕಿನ ಸಣ್ಣ ಊರು. ಒಂದು ತಗಡಿನ ಶೆಡ್ಡು, ಮೂರು ಒಲೆ, ಅವಳ ಜೊತೆ ಆರು ಜನ ಹೆಣ್ಣುಮಕ್ಕಳು. ಬೆಳಗಿನ ಜಾವ ಶುರು ಮಾಡಿದರೆ ಬಿಸಿಲು ಏರುವ ಮೊದಲೇ ಆ ದಿನದ ಬಡಿತ ಮುಗಿದಿರುತ್ತದೆ. ಆಮೇಲೆ ಅವರೆಲ್ಲ ಹೊಲಕ್ಕೆ ಹೋಗುತ್ತಾರೆ.

ಹೋದ ವರ್ಷ ಮಳೆಗಾಲದಲ್ಲಿ ಒಂದು ಸಂಜೆ ಅವಳ ಫೋನು ಬಂತು. "ತಮ್ಮಾ, ಜ್ವಾಳ ತರಾಕ ರೊಕ್ಕ ಇಲ್ಲ. ನಾಳೆ ಒಲಿ ಹಚ್ಚಂಗಿಲ್ಲ" ಅಂದಳು. ನನಗೆ ಅರ್ಥವೇ ಆಗಲಿಲ್ಲ. ವಾರಕ್ಕೆ 2,000 ರೊಟ್ಟಿ ಬೆಂಗಳೂರಿನ ಒಂದು ಅಂಗಡಿಗೆ ಹೋಗುತ್ತಿದ್ದವು. ಇನ್ನೂ ಜಾಸ್ತಿ ಕಳಿಸಿ ಅಂತ ಅವರೇ ಕೇಳುತ್ತಿದ್ದರು. ವ್ಯಾಪಾರ ಇಷ್ಟು ಚೆನ್ನಾಗಿರುವಾಗ ಒಲೆ ಆರಿಸೋದು ಯಾಕೆ? ಶನಿವಾರ ಬಾಗಲಕೋಟೆಯಿಂದ ಬಸ್ಸು ಹತ್ತಿ ಊರಿಗೆ ಹೋದೆ, ಅವಳ ಲೆಕ್ಕದ ಪುಸ್ತಕ ತೆಗೆಸಿಕೊಂಡು ಕೂತೆ.

ಒಂದು ಕಿಲೋ ಹಿಟ್ಟಿಗೆ ಸುಮಾರು 20 ಖಡಕ್ ರೊಟ್ಟಿ ಆಗುತ್ತವೆ. 2,000 ರೊಟ್ಟಿಗೆ ಒಂದು ಕ್ವಿಂಟಲ್ ಜೋಳ ಬೇಕು. ಜೋಳಕ್ಕೆ 3,600 ರೂಪಾಯಿ, ಗಿರಣಿಗೆ 300, ಬಡಿಯುವವರಿಗೆ ರೊಟ್ಟಿಗೆ ಒಂದೂವರೆ ರೂಪಾಯಿಯಂತೆ 3,000, ಕಟ್ಟಿಗೆ, ಕವರು, ಬಸ್ಸಿನ ಪಾರ್ಸೆಲ್ ಎಲ್ಲ ಸೇರಿ ಒಂದು ಸಾವಿರದ ಮೇಲೆ. ವಾರಕ್ಕೆ ಹತ್ತಿರ ಹತ್ತಿರ 8,000 ಖರ್ಚು. ರೊಟ್ಟಿಗೆ 5 ರೂಪಾಯಿ ದರದಲ್ಲಿ 10,000 ಬರಬೇಕು. ಉಳಿಯೋದು 2,000. ಸಣ್ಣ ಲಾಭ, ಆದರೆ ಲಾಭವೇ.

ಆ 10,000 ಬಂದಿರಲಿಲ್ಲ. ಎಂಟು ವಾರದಿಂದ ಬಂದಿರಲಿಲ್ಲ.

ಅಂದ್ರೆ ಚಿಗವ್ವ ತನ್ನ ಕೈಯಿಂದ 64,000 ರೂಪಾಯಿ ಹಾಕಿ ಬೆಂಗಳೂರಿನ ಅಂಗಡಿಯನ್ನು ನಡೆಸುತ್ತಿದ್ದಳು. ಅವರು ರೊಟ್ಟಿ ಮಾರಿ ಗಿರಾಕಿ ಹತ್ತಿರ ಆವತ್ತೇ ರೊಕ್ಕ ಎಣಿಸಿಕೊಂಡಿದ್ದರು. ಇವಳು ಫೋನು ಮಾಡಿದರೆ "ಅಕೌಂಟ್ಸ್‌ನವರು ರಜೆ ಮೇಲೆ ಇದ್ದಾರೆ", "ತಿಂಗಳ ಕೊನೆಗೆ ನೋಡೋಣ". ಇತ್ತ ಬಡಿಯುವವರ ಕೂಲಿಯನ್ನು ಸಂತೆಯ ಹಿಂದಿನ ದಿನವೇ ಕೊಡಬೇಕು, ಇಲ್ಲದಿದ್ದರೆ ಆ ಮನೆಗಳಿಗೆ ಸಂತೆ ಇಲ್ಲ. ಗುಂಪಿನ ಸಾಲದ ಕಂತು ವಾರ ವಾರ ಕಟ್ಟಬೇಕು, ಒಬ್ಬಳು ತಪ್ಪಿಸಿದರೆ ಉಳಿದವರ ತಲೆಮೇಲೆ ಬರುತ್ತದೆ. ಖರ್ಚು ದಿನಾ, ಕಂತು ವಾರಕ್ಕೊಮ್ಮೆ, ಬರೋದು ಮಾತ್ರ ಎರಡು ತಿಂಗಳಿಗೆ. ಅದೂ ಬಂದರೆ. "ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ" ಅನ್ನೋ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೆ. ಅದರ ಲೆಕ್ಕವನ್ನು ಅಂಕಿಯಲ್ಲಿ ನೋಡಿದ್ದು ಆವತ್ತೇ.

ಇಷ್ಟಕ್ಕೇ ಮುಗಿಯಲಿಲ್ಲ. ನಮ್ಮ ಕಡೆ ಹಿಂಗಾರಿ ಬಿಳಿಜೋಳ ಶಿವರಾತ್ರಿ ಆಸುಪಾಸಿಗೆ ರಾಶಿಯಾಗುತ್ತದೆ. ಆಗ ಕೈಯಲ್ಲಿ ರೊಕ್ಕ ಇದ್ದವರು ವರ್ಷದ ಜೋಳ ಕೊಂಡು ಚೀಲ ಕಟ್ಟಿಡುತ್ತಾರೆ. ಇಲ್ಲದವರು ಶ್ರಾವಣದಲ್ಲಿ ಕಿಲೋ ಲೆಕ್ಕದಲ್ಲಿ ತರುತ್ತಾರೆ, ಜಾಸ್ತಿ ಕೊಟ್ಟು ತರುತ್ತಾರೆ. ಹಿಟ್ಟನ್ನಾದರೂ ಬೀಸಿ ಇಡೋಣ ಅಂದ್ರೆ ಆಗಲ್ಲ. ಹಿಟ್ಟು ಹಳೆಯದಾದರೆ ಜಿಗುಟು ಹೋಗುತ್ತದೆ, ಎಷ್ಟು ನಾದಿದರೂ ಬಡಿಯುವಾಗ ಅಂಚು ಒಡೆಯುತ್ತದೆ. ಮಳೆಗಾಲದಲ್ಲಿ ತೇವಕ್ಕೆ ರೊಟ್ಟಿ ಮೆತ್ತಗಾಗುತ್ತದೆ, ಹಾಗಾಗಿ ಮಾಡಿ ಪೇರಿಸಿಡೋದೂ ಕಷ್ಟ. ಒಟ್ಟಿನಲ್ಲಿ ಕೈಯಲ್ಲಿ ಓಡಾಡುವ ರೊಕ್ಕ ನಿಂತರೆ ಎಲ್ಲಾ ಕಡೆಯಿಂದಲೂ ಪೆಟ್ಟು.

ಹಳ್ಳಿ ಉದ್ದಿಮೆ ಅಂದ ಕೂಡಲೇ ಎಲ್ಲರೂ ಸಾಲದ ಮಾತು ತೆಗೆಯುತ್ತಾರೆ. 2015ರಲ್ಲಿ ಶುರುವಾದ ಕೇಂದ್ರದ ಮುದ್ರಾ ಸಾಲ ಯೋಜನೆಯಲ್ಲಿ ಶಿಶು ಸಾಲ ಅಂತ 50,000 ತನಕ ಸಿಗುತ್ತದೆ. 2020ರಲ್ಲಿ ಬಂದ ಕೇಂದ್ರದ ಕಿರು ಆಹಾರ ಸಂಸ್ಕರಣೆ ಯೋಜನೆಯಲ್ಲಿ ಯಂತ್ರ ಹಾಕಲು ಶೇ 35 ಸಹಾಯಧನ ಇಟ್ಟರು, ನಮ್ಮ ರಾಜ್ಯ ಅದಕ್ಕೆ ಇನ್ನೂ ಶೇ 15 ಸೇರಿಸಿತು. ಒಳ್ಳೆಯದೇ. ನಾನು ಇವನ್ನು ಬೇಡ ಅನ್ನುತ್ತಿಲ್ಲ. ಆದರೆ ಚಿಗವ್ವನಿಗೆ ಯಂತ್ರ ಕಮ್ಮಿ ಆಗಿರಲಿಲ್ಲ, ಅವಳದೇ ರೊಕ್ಕ ಬೇರೆಯವರ ಹತ್ತಿರ ಸಿಕ್ಕಿಬಿದ್ದಿತ್ತು. ಅಂಥವಳಿಗೆ ಇನ್ನೊಂದು ಸಾಲ ಕೊಟ್ಟರೆ ಆಗೋದು ಇನ್ನೊಂದು ಕಂತು. ಅದೇ ಯೋಜನೆಯಲ್ಲಿ ಸ್ವಸಹಾಯ ಸಂಘದ ಸದಸ್ಯೆಯರಿಗೆ ತಲಾ 40,000 ತನಕ ಬೀಜ ಧನ ಅಂತಲೂ ಇತ್ತು, ದಿನದ ಖರ್ಚಿಗೆ ಮತ್ತು ಸಣ್ಣ ಸಾಮಾನಿಗೆ. ಯಂತ್ರದ ಸಹಾಯಧನದ ಬಗ್ಗೆ ಊರಲ್ಲಿ ಹತ್ತು ಜನ ಹೇಳಿದ್ದರು. ಇದರ ಬಗ್ಗೆ ಒಬ್ಬರೂ ಹೇಳಿರಲಿಲ್ಲ.

ಇದು ರೊಟ್ಟಿಯೊಂದರ ಕಥೆಯಲ್ಲ. ಇಳಕಲ್ಲಿಗೆ ಹೋಗಿ ನೋಡಿ. ಇಳಕಲ್ ಸೀರೆಯಲ್ಲಿ ಮೈಯ ಹಾಸು, ಅಂದ್ರೆ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಕುಣಿಮಗ್ಗದ ಮುಂದೆ ಒಬ್ಬರು ಕೂತರೂ ಅದರ ಹಿಂದೆ ಮನೆಮಂದಿಯ ಕೈ ಇರುತ್ತದೆ. ಅಷ್ಟು ಕೆಲಸ ಬಲ್ಲ ಎಷ್ಟೋ ನೇಕಾರರು ಇವತ್ತಿಗೂ ಮಜೂರಿಗೆ ನೇಯುತ್ತಾರೆ. ಸಾವ್ಕಾರರು ನೂಲು, ರೇಷ್ಮೆ ಕೊಡುತ್ತಾರೆ, ಇವರು ಸೀರೆ ಕೊಟ್ಟು ಮಜೂರಿ ಇಸಿದುಕೊಳ್ಳುತ್ತಾರೆ. ನಮ್ಮ ಪರಿಚಯದ ಒಬ್ಬ ಹಿರಿಯ ನೇಕಾರರನ್ನು ಕೇಳಿದ್ದೆ, ಸ್ವಂತ ನೇಯ್ದು ಮಾರಬಹುದಲ್ರಿ ಕಾಕಾ ಅಂತ. "ಸೀರಿ ಅಂಗಡ್ಯಾಗ ಮೂರ್ ತಿಂಗಳ ಕುಂದ್ರತೈತಿ. ನಮ್ಮ ಹೊಟ್ಟಿ ಮೂರ್ ತಿಂಗಳ ಕುಂದ್ರತೈತೇನ?" ಅಂದರು. ನಾನು ಸುಮ್ಮನಾದೆ. ಕೈಯಲ್ಲಿ ಕಸುಬು ಇದ್ದವರು ಒಬ್ಬರು, ತಡೆದುಕೊಳ್ಳುವ ಶಕ್ತಿ ಇದ್ದವರು ಇನ್ನೊಬ್ಬರು. ಲಾಭ ಹೋಗೋದು ತಡೆದುಕೊಂಡವರ ಕಡೆಗೆ.

ಬಾದಾಮಿಯ ಬನಶಂಕರಿಗೆ ಹೋದವರು ಅಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವ ಅವ್ವಗಳನ್ನು ನೋಡಿರುತ್ತೀರಿ. ರೊಟ್ಟಿ, ಕಾಳುಪಲ್ಲೆ, ಕೆಂಪು ಚಟ್ನಿ, ಗಡಿಗೆ ಮೊಸರು. ಹೊಟ್ಟೆ ತುಂಬ ಉಣ್ಣುತ್ತೀರಿ, ಎದ್ದು ಕೈ ತೊಳೆದು ರೊಕ್ಕ ಕೊಡುತ್ತೀರಿ. ಸಂಜೆಗೆ ಆ ಅವ್ವ ಖಾಲಿ ಬುಟ್ಟಿ, ಕೈಯಲ್ಲಿ ನಗದು ಹಿಡಿದು ಮನೆಗೆ ಹೋಗುತ್ತಾಳೆ, ಮರುದಿನ ಮತ್ತೆ ಬರುತ್ತಾಳೆ. ಅವಳಿಗೆ ಯಾರೂ ಉದ್ದಿಮೆದಾರರು ಅಂತ ಹೆಸರಿಟ್ಟಿಲ್ಲ, ಆದರೆ ಅವಳ ವ್ಯಾಪಾರ ನಿಂತಿಲ್ಲ. ನಮ್ಮ ಚಿಗವ್ವ ಅದೇ ರೊಟ್ಟಿಯನ್ನು ದೂರದ ಊರಿಗೆ ಕಳಿಸಿ ಬೆಳೆಯೋಣ ಅಂತ ಹೊರಟಳು, ಬೆಳೆದಷ್ಟೂ ಉದ್ರಿ ಬೆಳೆಯಿತು.

ಆಮೇಲೆ ನಾವು ಏನು ಮಾಡಿದೆವು ಅಂತ ಹೇಳುತ್ತೀನಿ, ಯಾರಿಗಾದರೂ ಉಪಯೋಗ ಆಗಬಹುದು.

ಮೊದಲು ಉದ್ಯಮ್ ನೋಂದಣಿ, ಅಂದ್ರೆ ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಹೆಸರು ಬರೆಸೋದು. ಆಧಾರ್, ಪ್ಯಾನ್ ಇದ್ದರೆ ಸಾಕು, ಸರ್ಕಾರದ ವೆಬ್‌ಸೈಟಿನಲ್ಲಿ ಒಂದು ಪೈಸೆ ಖರ್ಚಿಲ್ಲ. ಯಾರಾದರೂ ಇದಕ್ಕೆ ಸಾವಿರ, ಎರಡು ಸಾವಿರ ಕೇಳಿದರೆ ದಯವಿಟ್ಟು ಕೊಡಬೇಡಿ. ಇದು ಯಾಕೆ ಮುಖ್ಯ ಅಂದ್ರೆ, ಸಣ್ಣ ಉದ್ದಿಮೆಗಳ 2006ರ ಕಾಯ್ದೆಯಲ್ಲಿ ಒಂದು ಗಟ್ಟಿ ಮಾತಿದೆ. ಮಾಲು ತಗೊಂಡವರು 15 ದಿನದಲ್ಲಿ ರೊಕ್ಕ ಕೊಡಬೇಕು, ಬರೆದುಕೊಂಡ ಒಪ್ಪಂದ ಇದ್ದರೂ 45 ದಿನ ದಾಟುವಂತಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಆದಾಯ ತೆರಿಗೆಯಲ್ಲೂ ಈಚೆಗೆ ಇದನ್ನು ಬಿಗಿ ಮಾಡಿದ್ದಾರೆ, ಸಣ್ಣವರಿಗೆ ಅವಧಿಯಲ್ಲಿ ಕೊಡದಿದ್ದರೆ ಕೊಡುವ ತನಕ ಆ ಮೊತ್ತವನ್ನು ಖರ್ಚು ಅಂತ ತೋರಿಸುವಂತಿಲ್ಲ. ಇಷ್ಟೆಲ್ಲ ಕಾನೂನು ನಮ್ಮ ಪರವಾಗಿ ಇದೆ ಅಂತ ರೊಟ್ಟಿ ಬಡಿಯುವವರಿಗೆ ಯಾರು ಹೇಳಬೇಕು? ನಮಗಂತೂ ತಡವಾಗಿ ಗೊತ್ತಾಯಿತು. ನೋಂದಣಿಗೆ ಮೊದಲು ಕಳಿಸಿದ ಮಾಲಿಗೆ ಈ ಕಾಯ್ದೆ ಹಿಡಿದು ಕೇಳೋದು ಕಷ್ಟ. ಅದಕ್ಕೇ ಹೇಳೋದು, ಮೊದಲ ಆರ್ಡರಿಗೆ ಮುಂಚೆಯೇ ಮಾಡಿಸಿ. ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಹಾಕಿಸಿ.

ಎರಡನೆಯದು ಚಿಗವ್ವನ ಸ್ವಸಹಾಯ ಸಂಘದಲ್ಲೇ ಹುಟ್ಟಿದ ಉಪಾಯ. ಸಂಘದ ಉಳಿತಾಯದಲ್ಲಿ ಒಂದಷ್ಟನ್ನು ಬೇರೆ ತೆಗೆದಿಟ್ಟರು. ಬಸ್ಸಿಗೆ ಮಾಲು ಹಾಕಿದ ರಸೀದಿ ತೋರಿಸಿದರೆ ಖರ್ಚಿನ ರೊಕ್ಕ ಆವತ್ತೇ ಅದರಿಂದ ಸಿಗುತ್ತದೆ, ಗಿರಾಕಿಯಿಂದ ಬಂದ ಮೇಲೆ ತಿರುಗಿ ತುಂಬಬೇಕು. ಹೊಸ ಸಾಲ ಇಲ್ಲ, ಹೊಸ ಕಂತೂ ಇಲ್ಲ. ಇದು ನಮ್ಮ ನೆಲಕ್ಕೆ ಹೊಸ ಮಾತೂ ಅಲ್ಲ. ಪಕ್ಕದ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ರೈತರನ್ನು ಸೇರಿಸಿ ಸಹಕಾರ ಸಂಘ ಕಟ್ಟಿದ್ದರು. ಕೈ ಕಟ್ಟಿದ ಹೊತ್ತಿನಲ್ಲಿ ಊರಿನ ರೊಕ್ಕವೇ ಊರನ್ನು ಹಿಡಿದು ನಿಲ್ಲಿಸಬೇಕು ಅನ್ನೋದು ಅವರಿಗೆ ಆಗಲೇ ಗೊತ್ತಿತ್ತು.

ಮೂರನೆಯದಕ್ಕೆ ಚಿಗವ್ವನಿಗೆ ಎಲ್ಲಕ್ಕಿಂತ ಜಾಸ್ತಿ ಧೈರ್ಯ ಬೇಕಾಯಿತು. ಹೊಸ ಗಿರಾಕಿಗೆ ಅರ್ಧ ರೊಕ್ಕ ಮುಂಗಡ ಕೇಳೋದು. "ನಾ ಹ್ಯಾಂಗ ಕೇಳ್ಲಿ, ಬಿಟ್ಟ ಹೋದ್ರ?" ಅಂತಿದ್ದಳು. ಇಬ್ಬರು ಬಿಟ್ಟು ಹೋದರು ಕೂಡ. ಬೆಳಗಾವಿಯ ಒಬ್ಬ ಖಾನಾವಳಿಯವರು ಕೇಳಿದ ಕೂಡಲೇ ಕಳಿಸಿದರು. ಈಗ ವಾರಕ್ಕೆ 800 ರೊಟ್ಟಿ ಅಲ್ಲಿಗೆ ಹೋಗುತ್ತವೆ. ಮೊದಲಿನ 2,000ಕ್ಕಿಂತ ಕಮ್ಮಿ, ಆದರೆ ಸೋಮವಾರ ಮಾಲು, ಗುರುವಾರ ರೊಕ್ಕ.

ನನ್ನ ಕೋರಿಕೆ ಇಷ್ಟೇ. ಹಳ್ಳಿಯವರಿಂದ ನೇರವಾಗಿ ತರಿಸುವವರು, ಅದು ಅಮೀನಗಡದ ಕರದಂಟು ಇರಲಿ, ಗುಳೇದಗುಡ್ಡದ ಖಣ ಇರಲಿ, ಮಾಲು ಕೈಗೆ ಬಂದ ದಿನವೇ ರೊಕ್ಕ ಹಾಕಿ. ಅಂಗಡಿ, ಹೋಟೆಲ್ ನಡೆಸುವವರಾದರೆ ಸಣ್ಣವರ ಬಿಲ್ಲನ್ನು ಮೇಲೆ ಇಡಿ. ಎರಡು ರೂಪಾಯಿ ಚೌಕಾಸಿ ಮಾಡಿದರೂ ಅವರು ಹೇಗೋ ತಡೆದುಕೊಳ್ಳುತ್ತಾರೆ, ಎರಡು ತಿಂಗಳು ಕಾಯಿಸಿದರೆ ಒಲೆ ಆರುತ್ತದೆ. ಕಛೇರಿಯಲ್ಲಿ ಕೂತವರು ತರಬೇತಿ ಕೊಟ್ಟ ಮೇಲೆ ಒಂದು ಆರ್ಡರನ್ನೂ ಕೊಡಿಸಿ, ಹಾಸ್ಟೆಲಿಗೋ, ಸಭೆಯ ಊಟಕ್ಕೋ. ಮತ್ತೆ ಅದರ ಬಿಲ್ಲನ್ನು ಬೇಗ ಪಾಸ್ ಮಾಡಿ.

ಬೆಂಗಳೂರಿನವರು ಕೊನೆಗೆ ಮೂರು ಕಂತಿನಲ್ಲಿ 58,000 ಕೊಟ್ಟರು. ಇನ್ನೂ 22,000 ಬರಬೇಕು. ಚಿಗವ್ವ ಆ ಪುಟಕ್ಕೆ ಗೆರೆ ಎಳೆದಿಲ್ಲ. ಮುಂದಿನ ತಿಂಗಳು ನನಗೆ ಬೆಂಗಳೂರಿಗೆ ಹೋಗುವ ಕೆಲಸ ಇದೆ, ಪುಸ್ತಕ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೀನಿ.